ಅರ್ಜೆಂಟ್ ಇಲ್ಲ ಅಂದಿದ್ದ ಆಪರೇಷನ್

ನಮ್ಮ ಕಡೆ ಮಗುವಿನ ಕಿವಿ ಸೋರುತ್ತಿದೆ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂಗು ಸೋರಿದ ಹಾಗೆ ಅದೂ ಒಂದು. ನನ್ನ ಮಗಳಿಗೆ ಐದು ವರ್ಷದವಳಿದ್ದಾಗಿನಿಂದಲೇ ಎಡಗಿವಿ ಸೋರುತ್ತಿತ್ತು. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಸೋರುವುದು ಕಮ್ಮಿಯಾಗಿತ್ತು, ಆದರೆ ವಾಸನೆ ಶುರುವಾಗಿತ್ತು. ದಿಂಬಿನ ಕವರ್ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ನಮ್ಮವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು. "ಕಿವಿ ಸೋರದು ಒಂದು ಕಾಯ್ಲೆನಾ? ದೊಡ್ಡೋಳಾದ ಮ್ಯಾಲ ತಾನೇ ನಿಂತೋಯ್ತದ" ಅನ್ನುತ್ತಿದ್ದಳು. ನಾನೂ ನಂಬಿದ್ದೆ. ಸೋರುವುದು ಕಮ್ಮಿಯಾಗಿತ್ತಲ್ಲ!

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ. ನಾನು ಊರ ಹಾಲಿನ ಡೇರಿಯ ಕಾರ್ಯದರ್ಶಿ. ಒಂದು ಎಕರೆಯಲ್ಲಿ ಅರಿಸಿನ, ಸಣ್ಣ ಈರುಳ್ಳಿ ಹಾಕುತ್ತೇವೆ. ಇದನ್ನೆಲ್ಲ ಹೇಳುವುದಕ್ಕೆ ಕಾರಣ ಇದೆ. 2020ರ ಕೊರೊನಾ ವರ್ಷ ಡೇರಿ ಒಂದು ದಿನವೂ ನಿಲ್ಲಲಿಲ್ಲ, ಮಗಳ ಆಪರೇಷನ್ ನಿಂತುಹೋಯಿತು. ಆ ಎರಡನ್ನೂ ನಾನು ಒಟ್ಟಿಗೇ ನೋಡಿದೆ.

2019ರ ಡಿಸೆಂಬರ್‌ನಲ್ಲಿ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ಬಂದರು. ವರ್ಷಕ್ಕೊಮ್ಮೆ ಬರುವ ಅದೇ ತಂಡ. ಮಕ್ಕಳ ಹಲ್ಲು, ಕಣ್ಣು, ತೂಕ ನೋಡಿ ಹೋಗುತ್ತಾರೆ. ಮಗಳ ಕಿವಿಗೆ ಬೆಳಕು ಬಿಟ್ಟು ನೋಡಿದವರು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ನನಗೆ ಫೋನ್ ಮಾಡಿಸಿದರು. ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ತಾಲ್ಲೂಕು ಆಸ್ಪತ್ರೆಯವರು ಮೈಸೂರಿಗೆ ಬರೆದರು.

ಮೈಸೂರಿನಲ್ಲಿ ಕಿವಿ ಡಾಕ್ಟರ್ ಒಬ್ಬರು ಹೆಣ್ಣುಮಗಳು. ಮೈಕ್ರೋಸ್ಕೋಪ್ ಇಟ್ಟು ಕಿವಿ ಕ್ಲೀನ್ ಮಾಡುತ್ತ ಮಾಡುತ್ತಲೇ ನನಗೆ ಪಾಠ ಮಾಡಿದರು. ಸೋರುವ ಕಿವಿಯಲ್ಲಿ ಎರಡು ಜಾತಿ. ಒಂದರಲ್ಲಿ ಪರದೆಗೆ ತೂತು ಬಿದ್ದಿರುತ್ತದೆ, ನೀರು ನೀರಾಗಿ ಜಾಸ್ತಿ ಸೋರುತ್ತದೆ, ಅಷ್ಟೊಂದು ಅಪಾಯವಿಲ್ಲ. ಇನ್ನೊಂದು ಸೋರುವುದು ಸ್ವಲ್ಪವೇ, ಆದರೆ ಕೆಟ್ಟ ವಾಸನೆ. ಭಯ ಪಡಬೇಕಾದ್ದು ಇದಕ್ಕೆ. ಅದಕ್ಕೆ ಕೊಲೆಸ್ಟಿಯಟೋಮಾ ಅಂತ ಹೆಸರು. ಚರ್ಮ ಇರಬಾರದ ಜಾಗದಲ್ಲಿ ಚರ್ಮ ಬೆಳೆಯುವುದು. ಮೈಮೇಲಿನ ಚರ್ಮದ ಸತ್ತ ಪದರ ಉದುರಿ ಹೋಗುತ್ತದೆ. ಕಿವಿಯೊಳಗೆ ಉದುರಿದ್ದಕ್ಕೆ ಹೋಗಲು ದಾರಿ ಇಲ್ಲ. ಪದರದ ಮೇಲೆ ಪದರ ಸೇರಿ ಗಂಟಾಗುತ್ತದೆ.

"ನೀವು ಈರುಳ್ಳಿ ಬೆಳೆಯೋರಲ್ವಾ, ಹಾಗೇ ಅಂದ್ಕೊಳ್ಳಿ" ಅಂದರು. "ಆದ್ರೆ ಈ ಈರುಳ್ಳಿ ಸುತ್ತಲಿನ ಮೂಳೆ ತಿನ್ನುತ್ತೆ. ಡ್ರಾಪ್ಸ್ ಹಾಕಿದ್ರೆ ಮೇಲಿನ ಕೀವು ಒಣಗಬಹುದು, ಗಂಟು ಹೋಗಲ್ಲ. ತೆಗೀಲೇಬೇಕು."

ಹೆಸರು ಕೇಳಿ ನನ್ನ ಹೆಂಡತಿ ಕೊಲೆಸ್ಟ್ರಾಲ್ ಅಂದುಕೊಂಡು ಒಂದು ವಾರ ಮಗುವಿಗೆ ತುಪ್ಪ ಬಿಡಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಕಿವಿ ಎಷ್ಟು ಕೇಳಿಸುತ್ತೆ ಅನ್ನೋ ಪರೀಕ್ಷೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಬಟನ್ ಒತ್ತು ಅಂದರು. ಬಲಗಿವಿಗೆ ಸದ್ದು ಬಿಟ್ಟಾಗ ಮಗಳು ಪಟಪಟ ಒತ್ತಿದಳು. ಎಡಗಿವಿಗೆ ಬಂದಾಗ ಸುಮ್ನೆ ನನ್ನ ಮುಖ ನೋಡುತ್ತ ಕೂತಳು. ನನಗೆ ಆಗ ನಾಚಿಕೆಯಾಯಿತು. ಕರೆದರೆ ತಿರುಗಿ ನೋಡುವುದಿಲ್ಲ ಅಂತ ಎಷ್ಟು ಸಲ ಗದರಿದ್ದೆನೋ. ಆಮೇಲೆ ಕಿವಿ ಮೂಳೆಯ ಸಿ.ಟಿ. ಸ್ಕ್ಯಾನ್ ಆಯಿತು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮಾಡಿಸಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಿತ್ತು. ಅದಕ್ಕೆ ಎರಡು ಸಲ ಓಡಾಡಿ ತಂದೆ. 2020ರ ಏಪ್ರಿಲ್ 7, ಮಂಗಳವಾರ ಆಪರೇಷನ್ ಅಂತ ಬರೆದುಕೊಟ್ಟರು. ಪರೀಕ್ಷೆ ಮುಗಿದಿರುತ್ತೆ, ರಜೆಯಲ್ಲಿ ಗಾಯ ಮಾಯುತ್ತೆ ಅನ್ನೋ ಲೆಕ್ಕ.

ಹೊರಡುವಾಗ ಕೇಳಿದೆ, "ಎರಡು ತಿಂಗಳು ತಡವಾದ್ರೆ ಏನೂ ತೊಂದರೆ ಇಲ್ವಾ ಮೇಡಂ?"

"ಎಮರ್ಜೆನ್ಸಿ ಏನಲ್ಲ. ಹಾಗಂತ ಬಿಟ್ಟುಬಿಡೋ ಅಂಥದ್ದೂ ಅಲ್ಲ" ಅಂದರು.

ನನ್ನ ತಲೆಯಲ್ಲಿ ಉಳಿದದ್ದು ಮೊದಲನೇ ಮಾತು ಮಾತ್ರ.

ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಮರುದಿನವೇ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ಅಂತ ಸುದ್ದಿ. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಹರಡಿ, ಮೈಸೂರು ಜಿಲ್ಲೆ ರೆಡ್ ಝೋನ್ ಆಯಿತು. ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಜೂನ್‌ವರೆಗೂ ಒಂದೂ ಕೇಸ್ ಇರಲಿಲ್ಲ. ಎಲ್ಲರಿಗೂ ಅದೊಂದು ಹೆಮ್ಮೆ. ಗಡಿಯಲ್ಲಿ ಚೆಕ್‌ಪೋಸ್ಟ್, ಊರ ಬಾಗಿಲಿಗೆ ಮುಳ್ಳಿನ ಬೇಲಿ. ನಕ್ಷೆ ನೋಡಿದರೆ ನನ್ನ ಪಾಡು ಗೊತ್ತಾಗುತ್ತೆ. ನಮ್ಮೂರಿನಿಂದ ಮೈಸೂರಿಗೆ ದಾರಿ ನಂಜನಗೂಡಿನ ಮೇಲೇ. ಹಸಿರು ಜಿಲ್ಲೆಯ ಮಗು, ಕೆಂಪು ಜಿಲ್ಲೆಯ ಆಸ್ಪತ್ರೆ, ನಡುವೆ ಸೀಲ್ ಮಾಡಿದ ಊರು.

ತಿಂಗಳ ಕೊನೆಗೆ ಆಸ್ಪತ್ರೆಯಿಂದ ಫೋನ್ ಬಂತು. "ಎಲೆಕ್ಟಿವ್ ಕೇಸುಗಳೆಲ್ಲ ಮುಂದಕ್ಕೆ ಹೋಗಿವೆ. ಡೇಟ್ ನಾವೇ ಹೇಳ್ತೀವಿ." ಎಲೆಕ್ಟಿವ್ ಅಂದರೇನು ಅಂತ ಕೇಳಿದೆ. "ಅರ್ಜೆಂಟ್ ಅಲ್ಲದ್ದು" ಅಂದರು ಆ ಸಿಸ್ಟರ್. ಅವರ ತಪ್ಪಿಲ್ಲ. ತುರ್ತಲ್ಲದ ಆಪರೇಷನ್‌ಗಳನ್ನು ಮುಂದೂಡಿ ಅಂತ ಕೇಂದ್ರ ಆರೋಗ್ಯ ಇಲಾಖೆ ಮಾರ್ಚ್ 20ಕ್ಕೇ ಹೇಳಿತ್ತು. ಪ್ರಪಂಚದಲ್ಲೆಲ್ಲ ಹಾಗೇ ಆಯಿತು. ಆ ಮೇ ತಿಂಗಳಲ್ಲಿ ಬಂದ ಒಂದು ಅಂದಾಜಿನ ಪ್ರಕಾರ 12 ವಾರದಲ್ಲಿ 2.84 ಕೋಟಿ ಆಪರೇಷನ್‌ಗಳು ನಿಲ್ಲುತ್ತವೆ ಅಂತ ಇತ್ತು, ಭಾರತದಲ್ಲೇ 5.8 ಲಕ್ಷ. ಆ ಪಟ್ಟಿಯಲ್ಲಿ ನಮ್ಮ ಪುಟ್ಟಿಯೂ ಒಬ್ಬಳು. ಅಷ್ಟು ಜನರ ಜೊತೆ ನಿಂತಿದ್ದೇವೆ ಅಂದಾಗ ಒಂದು ಥರ ಸಮಾಧಾನವೂ ಆಗುತ್ತೆ ನೋಡಿ. ಎಲ್ಲರಿಗೂ ಆದದ್ದು ನಮಗೂ ಆಯಿತು ಅಂತ.

ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ಇನ್ನೂ ಜಾಸ್ತಿ ಹೆದರಿಕೆ ಇತ್ತು. ಯಾಕೆ ಅಂತ ಆಮೇಲೆ ತಿಳಿದುಕೊಂಡೆ. ಮೂಗಿನ ಹಿಂದಿನಿಂದ ಕಿವಿಯೊಳಕ್ಕೆ ಒಂದು ಸಣ್ಣ ಕೊಳವೆ ಇದೆ. ಮೂಗಿನಲ್ಲಿ ವೈರಸ್ ಇದ್ದರೆ ಕಿವಿಯಲ್ಲೂ ಇರಬಹುದು. ಇಂಥ ಆಪರೇಷನ್‌ನಲ್ಲಿ ಕಿವಿ ಹಿಂದಿನ ಮೂಳೆಯನ್ನು ಡ್ರಿಲ್ ಹಾಕಿ ಕೊರೆಯುತ್ತಾರೆ. ಮೂಳೆ ಪುಡಿ, ನೀರು, ರಕ್ತ ಎಲ್ಲ ಸಣ್ಣ ಹನಿಯಾಗಿ ಹಾರುತ್ತದೆ. ಡಾಕ್ಟರ ಮುಖ ಒಂದು ಮೊಳ ದೂರದಲ್ಲೇ ಇರುತ್ತೆ. ಕೊರೊನಾದಿಂದ ಸತ್ತ ಮೂವರ ಕಿವಿಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಪರೀಕ್ಷಿಸಿದಾಗ ಇಬ್ಬರ ಕಿವಿಯೊಳಗೆ ವೈರಸ್ ಸಿಕ್ಕಿತು ಅನ್ನೋ ವರದಿ 2020ರ ಜುಲೈನಲ್ಲೇ ಬಂತು. ಅವರ ಹೆದರಿಕೆ ಸುಮ್ನೆ ಅಲ್ಲ.

ಏಪ್ರಿಲ್‌ನಲ್ಲಿ ಮೇಡಂಗೆ ವಾಟ್ಸಾಪ್‌ನಲ್ಲಿ ಕಿವಿಯ ಫೋಟೋ ಕಳಿಸಿದೆ. ಫೋನಿನಲ್ಲಿ ನೋಡಿ ಔಷಧಿ ಬರೆಯುವುದಕ್ಕೆ ಸರ್ಕಾರ ಆಗಷ್ಟೇ ನಿಯಮ ಮಾಡಿತ್ತು, ಲಾಕ್‌ಡೌನ್ ಶುರುವಾದ ದಿನವೇ. ಹೆಂಡತಿ ಟಾರ್ಚ್ ಹಿಡಿದಳು, ನಾನು ಫೋಟೋ ತೆಗೆದೆ, ಮಗಳು ನಗುತ್ತಿದ್ದಳು. ಮೇಡಂ ಡ್ರಾಪ್ಸ್ ಬರೆದರು. ಜೊತೆಗೆ ಒಂದು ವಾಯ್ಸ್ ಮೆಸೇಜ್: "ಫೋಟೋದಲ್ಲಿ ಹೊರಗಿನ ಕಿವಿ ಬಿಟ್ಟು ನನಗೇನೂ ಕಾಣ್ತಿಲ್ಲ. ಕಿವಿ ಹಿಂದೆ ಊತ ಬಂದ್ರೆ, ಬಾಯಿ ಒಂದು ಕಡೆ ಸೊಟ್ಟಗಾದ್ರೆ, ತಲೆಸುತ್ತು, ವಾಂತಿ, ಜೋರು ತಲೆನೋವು ಬಂದ್ರೆ ಕಾಯಬೇಡಿ. ಲಾಕ್‌ಡೌನ್ ಇರಲಿ ಏನೇ ಇರಲಿ, ಅವತ್ತೇ ಬನ್ನಿ." ಆ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ.

ಮೇ ತಿಂಗಳಲ್ಲಿ ಕಿವಿ ಒಣಗಿತು.

ನಮ್ಮನ್ನು ಹಾಳು ಮಾಡಿದ್ದು ಇದೇ. ಸೋರುವುದಿಲ್ಲ, ವಾಸನೆಯಿಲ್ಲ, ದಿಂಬು ಸ್ವಚ್ಛ. ಶಾಲೆ ಇಲ್ಲ, ಹೊರಗಿನ ಮಕ್ಕಳ ಜೊತೆ ಆಟ ಇಲ್ಲ, ಹಾಗಾಗಿ ಮಗಳಿಗೆ ನೆಗಡಿಯೇ ಬರಲಿಲ್ಲ. ಆ ವರ್ಷ ಎಷ್ಟೋ ದೇಶಗಳಲ್ಲಿ ಮಕ್ಕಳ ಕಿವಿನೋವು ಕಮ್ಮಿಯಾಗಿತ್ತಂತೆ. ಮನೆಯಲ್ಲಿ ಕೂತಿದ್ದಕ್ಕೆ, ಮಾಸ್ಕ್ ಹಾಕಿದ್ದಕ್ಕೆ. ನಮ್ಮವ್ವ "ನಾನ್ ಹೇಳ್ನಿಲ್ವಾ" ಅಂದಳು. ಮೇ 19ಕ್ಕೆ ಬಸ್ ಬಿಟ್ಟರು. ನಾನು ಹೋಗಬಹುದಿತ್ತು. ಹೋಗಲಿಲ್ಲ. ಮೈಸೂರಿಗೆ ಹೋಗಿ ಬಂದವನ ಹತ್ತಿರ ಹಾಲು ಹಾಕಲು ಜನ ಬರುತ್ತಾರಾ ಅನ್ನೋ ಯೋಚನೆ. ಆಸ್ಪತ್ರೆಯಿಂದಲೇ ರೋಗ ತಂದುಬಿಟ್ಟರೆ ಅನ್ನೋ ಭಯ. ಕಿವಿಯಂತೂ ಒಣಗಿದೆ. ಅವರೇ ಫೋನ್ ಮಾಡುತ್ತೇವೆ ಅಂದಿದ್ದಾರೆ. ಹೀಗೆ ನಾಲ್ಕು ನೆಪ ಸೇರಿದರೆ ಮನುಷ್ಯ ಕೂತ ಜಾಗದಿಂದ ಏಳುವುದಿಲ್ಲ. ಆಸ್ಪತ್ರೆಯವರು ಒಂದೂವರೆ ತಿಂಗಳು ಮುಂದೂಡಿದರು, ಉಳಿದ ಹೆಚ್ಚುಕಮ್ಮಿ ಎರಡು ತಿಂಗಳು ಮುಂದೂಡಿದ್ದು ನಾನು.

ಡೇರಿ ಮಾತ್ರ ದಿನಾ ಎರಡು ಹೊತ್ತು ನಡೆಯುತ್ತಿತ್ತು. ಸುಣ್ಣದಲ್ಲಿ ಗೋಲ ಬರೆದು ಜನರನ್ನು ದೂರ ದೂರ ನಿಲ್ಲಿಸಿ ಹಾಲಿನ ಫ್ಯಾಟ್ ನೋಡುತ್ತಿದ್ದೆವು. ಹಾಲಿನ ವ್ಯಾನಿಗೆ ಅಗತ್ಯ ಸೇವೆ ಅಂತ ಸ್ಟಿಕ್ಕರ್. ಯಾವ ಚೆಕ್‌ಪೋಸ್ಟ್‌ನಲ್ಲೂ ತಡೆಯುತ್ತಿರಲಿಲ್ಲ. ಹೋಟೆಲು, ಮದುವೆ ನಿಂತು ಮಾರಾಟವಾಗದೆ ಉಳಿದ ಹಾಲನ್ನು ಸರ್ಕಾರವೇ ಕೊಂಡು ಬಡವರಿಗೆ ಹಂಚಿತು. ಯಾಕೆಂದರೆ ಹಾಲು ಕೆಡುತ್ತೆ ಅಂತ ಎಲ್ಲರಿಗೂ ಗೊತ್ತು. ಎಷ್ಟು ಗಂಟೆಗೆ ಕೆಡುತ್ತೆ ಅನ್ನೋದೂ ಗೊತ್ತು. ಮಗಳ ಕಿವಿ ಎಷ್ಟು ದಿನಕ್ಕೆ ಕೆಡುತ್ತೆ ಅಂತ ನಾನು ಕೇಳಿಯೇ ಇರಲಿಲ್ಲ.

ಜುಲೈ ಮೊದಲ ವಾರ ಬೆಂಗಳೂರಿನಲ್ಲಿ ಕೇಸು ಏರಿ ಜನ ಊರುಗಳಿಗೆ ವಾಪಸ್ ಹೊರಟರು. ನಮ್ಮ ಭಾವಮೈದುನನ ಸಂಸಾರವೂ ಬಂತು. ಮಕ್ಕಳು ಮಕ್ಕಳು ಸೇರಿದವು. ನಾಲ್ಕು ದಿನದಲ್ಲಿ ಎಲ್ಲರಿಗೂ ನೆಗಡಿ, ಮಗಳಿಗೆ ಜ್ವರ. ಎಡಗಿವಿ ಮತ್ತೆ ಸೋರಿತು, ಈ ಸಲ ಕೀವಿನ ಜೊತೆ ರಕ್ತ. ಜುಲೈ 12, ಭಾನುವಾರ. ಆ ತಿಂಗಳು ಭಾನುವಾರಗಳಂದು ರಾಜ್ಯವೆಲ್ಲ ಬಂದ್. ಬೆಳಿಗ್ಗೆ ಹೆಂಡತಿ ತಲೆ ಬಾಚಲು ಕೂರಿಸಿಕೊಂಡವಳು "ಇಲ್ಲಿ ಬನ್ನಿ" ಅಂತ ಕೂಗಿದಳು. ಕಿವಿ ಹಿಂದೆ ನಿಂಬೆಹಣ್ಣಿನಷ್ಟು ಊತ. ಎಡಗಿವಿ ಮುಂದಕ್ಕೆ, ಕೆಳಕ್ಕೆ ತಳ್ಳಿಕೊಂಡು ಬಂದಿತ್ತು. ಎದುರಿನಿಂದ ನೋಡಿದರೆ ಒಂದು ಕಿವಿ ಮೇಲೆ, ಒಂದು ಕೆಳಗೆ. ಮುಟ್ಟಿದರೆ ಕಿರುಚಿದಳು.

ನಮ್ಮವ್ವ ಅರಿಸಿನ ತೇಯಲು ಕೂತಳು. ನಾನು ಮೇಡಂಗೆ ಫೋಟೋ ಕಳಿಸಿದೆ. ಈ ಸಲ ಫೋಟೋದಲ್ಲಿ ಕಾಣಬೇಕಾದ್ದೆಲ್ಲ ಕಾಣುತ್ತಿತ್ತು. ಐದು ನಿಮಿಷಕ್ಕೆ ಫೋನ್ ಬಂತು. "ಮಾಸ್ಟಾಯ್ಡ್‌ನಲ್ಲಿ, ಅಂದ್ರೆ ಕಿವಿ ಹಿಂದಿನ ಮೂಳೆಯಲ್ಲಿ ಕೀವು ತುಂಬಿದೆ. ಈಗಲೇ ಹೊರಡಿ."

ಹೊರಟೆವು. ಆದರೆ ಆ ದಿನಗಳಲ್ಲಿ ಜ್ವರ ಇದ್ದ ಮಗುವನ್ನು ನೇರವಾಗಿ ಕಿವಿ ಡಾಕ್ಟರ ಹತ್ತಿರ ಕರೆದೊಯ್ಯಲು ಆಗುತ್ತಿರಲಿಲ್ಲ. ಜ್ವರ ಅಂದರೆ ಮೊದಲು ಫೀವರ್ ಕ್ಲಿನಿಕ್. ಅಲ್ಲಿ ನಮ್ಮ ಮುಂದೆ ಇಪ್ಪತ್ತು ಜನ. ಕೌಂಟರಿನ ಹುಡುಗ ಜ್ವರ, ನೆಗಡಿ ಅಂತ ಬರೆದುಕೊಂಡ. "ಕಿವಿ ಹಿಂದೆ ನೋಡಪ್ಪ" ಅಂದೆ. "ಅದಕ್ಕೆ ಇಲ್ಲಿ ಕಾಲಂ ಇಲ್ಲ ಸಾರ್" ಅಂದ. ಅವನೂ ಮೂರು ದಿನದಿಂದ ನಿದ್ದೆ ಮಾಡಿಲ್ಲದ ಹಾಗೆ ಕಾಣುತ್ತಿದ್ದ. ಡಾಕ್ಟರು ದೂರದಿಂದಲೇ ನೋಡಿ 108ಕ್ಕೆ ಹೇಳಿದರು. ಮೈಸೂರು ತಲುಪಿದಾಗ ಕತ್ತಲೆ. ಮೊದಲು ತೋರಿಸಿದ್ದ ಆಸ್ಪತ್ರೆಯ ಅರ್ಧ ಭಾಗ ಕೋವಿಡ್‌ಗೆ ಹೋಗಿತ್ತು. ರಿಪೋರ್ಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಅಂದರು. ರಿಪೋರ್ಟ್ ಬರಲು ಎರಡು ದಿನ. ಗೇಟಿನ ಹತ್ತಿರ ಆಂಬುಲೆನ್ಸಿನಲ್ಲಿ ಮಗಳು ವಾಂತಿ ಮಾಡಿಕೊಂಡಳು. ವಾಯ್ಸ್ ಮೆಸೇಜಿನ ಮಾತು ನೆನಪಾಗಿ ಕೈ ನಡುಗಿತು.

ಮೇಡಂ ಬೇರೆ ಆಸ್ಪತ್ರೆಯಲ್ಲಿದ್ದ ತಮ್ಮ ಪರಿಚಯದ ಸರ್ಜನ್‌ಗೆ ಹೇಳಿ ಅಲ್ಲಿಗೆ ಕಳಿಸಿದರು. ಅಲ್ಲಿ ತೆಗೆದುಕೊಂಡರು. ಹೀಗೆ ಹೇಳುವವರು ಯಾರೂ ಇಲ್ಲದವರು, ಡಾಕ್ಟರ ನಂಬರ್ ಇಲ್ಲದವರು ಆ ರಾತ್ರಿ ಏನು ಮಾಡುತ್ತಿದ್ದರು ಅಂತ ಈಗಲೂ ಯೋಚಿಸುತ್ತೇನೆ.

ಶಂಕಿತರ ವಾರ್ಡು ಅಂತ ಒಂದು. ಪಾಸಿಟಿವ್ ಅಲ್ಲ, ನೆಗೆಟಿವ್ ಅಂತಲೂ ಗೊತ್ತಿಲ್ಲ, ಅಂಥವರಿಗೆ. ಮಗುವಿನ ಜೊತೆ ಒಬ್ಬರೇ ಇರಬೇಕು. ಹೆಂಡತಿ ಒಳಗೆ ಹೋದಳು, ನಾನು ಹೊರಗೆ. ಮೂಗಿನಿಂದ ಸ್ವಾಬ್ ತೆಗೆದರು. ಟ್ರೂನ್ಯಾಟ್ ಅಂತ ಒಂದು ಮಿಷನ್ ಇದೆ, ತುರ್ತು ಆಪರೇಷನ್‌ಗೆ ಬೇಗ ಉತ್ತರ ಕೊಡುತ್ತೆ. ಅದು ಬರುವ ಮೊದಲೇ ಡ್ರಿಪ್ ಹಾಕಿ ಆಂಟಿಬಯಾಟಿಕ್ ಶುರು ಮಾಡಿದರು. ಊತಕ್ಕೆ ಸೂಜಿ ಚುಚ್ಚಿ ಕೀವು ಎಳೆದರು. ಸಿ.ಟಿ. ಮಾಡಿದರು, ಈ ಸಲ ತಲೆಗೂ ಸೇರಿಸಿ. ಕೀವು ಮಿದುಳಿಗೆ ಹೋಗಿದೆಯಾ ಅಂತ ನೋಡಲು. ಹೋಗಿರಲಿಲ್ಲ. ಮಧ್ಯರಾತ್ರಿ ಆ ಮಾತು ಕೇಳಿದ ಮೇಲೆ ನಾನು ಆಸ್ಪತ್ರೆ ಮುಂದಿನ ಕಟ್ಟೆ ಮೇಲೆ ಕೂತು ಬಾಟಲಿಯ ನೀರೆಲ್ಲ ಒಂದೇ ಗುಕ್ಕಿನಲ್ಲಿ ಕುಡಿದೆ.

ಒಳಗೆ ಆದದ್ದನ್ನು ಹೆಂಡತಿ ಆಮೇಲೆ ಹೇಳಿದಳು. ಮೈಯೆಲ್ಲ ಮುಚ್ಚುವ ಪಿಪಿಇ ಕಿಟ್ ಹಾಕಿದವರನ್ನು ನೋಡಿ ಮಗಳಿಗೆ ಹೆದರಿಕೆ ಆಗಲಿಲ್ಲವಂತೆ. ಸಿಟ್ಟು ಬಂತಂತೆ. ಎರಡು ಮಾಸ್ಕು, ಮುಖಕ್ಕೆ ಪ್ಲಾಸ್ಟಿಕ್ಕು, ಅದರೊಳಗಿನಿಂದ ಮಾತಾಡಿದರೆ ಚೆನ್ನಾಗಿ ಕೇಳುವವರಿಗೇ ಅರ್ಥವಾಗುವುದಿಲ್ಲ. ಒಂದೇ ಕಿವಿಯವಳಿಗೆ ಏನು ಕೇಳಿಸಬೇಕು? ಇಷ್ಟು ವರ್ಷ ಅವಳು ತುಟಿ ನೋಡಿಕೊಂಡು ಅರ್ಧ ಮಾತು ತಿಳಿದುಕೊಳ್ಳುತ್ತಿದ್ದಳು ಅನ್ನೋದು ನಮಗೆ ಗೊತ್ತಾದದ್ದೇ ಆವತ್ತು. "ಅವ್ವಾ, ಇವ್ರೆಲ್ಲ ಬಾಯಿ ಮುಚ್ಕೊಂಡು ಮಾತಾಡ್ತಾರೆ" ಅಂತ ಅತ್ತಳಂತೆ. ಒಬ್ಬ ಸಿಸ್ಟರ್‌ಗೆ ಅದು ಹೊಳೆಯಿತು. ಕೇಸ್‌ಶೀಟಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದರು: 'ಈಗ ಸೂಜಿ. ಸ್ವಲ್ಪ ನೋವು. ಎಣಿಸು 1, 2, 3.' ಮೂರನೇ ಕ್ಲಾಸಿನ ಹುಡುಗಿ, ಓದಿದಳು. ಸೂಜಿ ಚುಚ್ಚುವಾಗ ಜೋರಾಗಿ ಎಣಿಸಿದಳು.

ಟ್ರೂನ್ಯಾಟ್ ನೆಗೆಟಿವ್ ಬಂತು. ಆದರೂ ಲ್ಯಾಬಿನ ಆರ್‌ಟಿಪಿಸಿಆರ್ ರಿಪೋರ್ಟೂ ಬರಲಿ, ಜ್ವರ ಇಳಿಯಲಿ ಅಂತ ಮೂರು ದಿನ ಔಷಧಿಯಲ್ಲೇ ಇಟ್ಟರು. ನನಗೆ ಪ್ರತಿ ಗಂಟೆಯೂ ಭಾರ. ಸರ್ಜನ್ ಹೇಳಿದ ಕಾರಣ ಒಪ್ಪುವಂಥದ್ದೇ ಆಗಿತ್ತು. ಕೀವು ಎಳೆದು ಒತ್ತಡ ಇಳಿಸಿದ್ದಾರೆ, ಊದಿಕೊಂಡ ಮಾಂಸದಲ್ಲಿ ಡ್ರಿಲ್ ಮಾಡಿದರೆ ರಕ್ತ ಜಾಸ್ತಿ, ನರ ಗುರುತಿಸುವುದು ಕಷ್ಟ. ಮುಖ ಆಡಿಸುವ ನರ ಅದೇ ಮೂಳೆಯ ಒಳಗೆ ಹಾದುಹೋಗುತ್ತದಂತೆ. ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ಮೈಕ್ರೋಸ್ಕೋಪ್‌ನಲ್ಲಿ ಕಣ್ಣಿಡಲು ಆಗುವುದಿಲ್ಲ, ಹಾಕದಿದ್ದರೆ ಹನಿ ಹಾರುತ್ತೆ. ಮಾಮೂಲಿ ದಿನಗಳಲ್ಲಿ ಮಾಡುವ ಕೆಲಸವೇ, ಆದರೆ ಕಿಟಕಿ ಮುಚ್ಚಿ ಸೂಜಿಗೆ ದಾರ ಪೋಣಿಸಿದ ಹಾಗೆ ಅಂದರು.

ಜುಲೈ 16, ಗುರುವಾರ. ಬೆಳಿಗ್ಗೆ ಒಳಗೆ ಕರೆದೊಯ್ದವರು ನಾಲ್ಕು ಗಂಟೆ ಆದ ಮೇಲೆ ಹೊರಬಂದರು. ಮೈಕ್ರೋಸ್ಕೋಪ್‌ನಿಂದ ಮಗುವಿನ ತಲೆವರೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಗುಡಾರ ಕಟ್ಟಿ, ಅದರೊಳಗೆ ಕೈ ತೂರಿಸಿ ಕೊರೆದರಂತೆ. ಸರ್ಜನ್ ಮುಖದಲ್ಲಿ ಮಾಸ್ಕಿನ ಗೆರೆ ಕೆಂಪಗೆ ಕೊರೆದುಕೊಂಡಿತ್ತು. ಒಂದು ಡಬ್ಬಿಯಲ್ಲಿ ತೆಗೆದದ್ದನ್ನು ತೋರಿಸಿದರು. ಮುತ್ತಿನ ಬಣ್ಣದ ಚೂರು ಚೂರು, ಹೊಳೆಯುತ್ತಿತ್ತು. ಇಷ್ಟು ಚಂದದ್ದು ಇಷ್ಟು ಕೆಟ್ಟದ್ದು ಹೇಗಾಗುತ್ತೆ ಅನಿಸಿತು.

ಕಿವಿಯೊಳಗಿನ ಮೂರು ಪುಟ್ಟ ಮೂಳೆಗಳಲ್ಲಿ ನಡುವಿನದು ಪೂರ್ತಿ ಹೋಗಿತ್ತು. ಮಿದುಳಿನ ಹೊದಿಕೆಯ ಮೇಲಿನ ಮೂಳೆ ಒಂದು ಕಡೆ ತೆಳ್ಳಗಾಗಿ ತೂತು ಬಿದ್ದಿತ್ತು. ನರ ಉಳಿದಿತ್ತು. ಜನವರಿಯ ಸ್ಕ್ಯಾನ್ ನೋಡಿ ಮೇಡಂ ಅಂದುಕೊಂಡಿದ್ದು, ಕಿವಿಯ ನಾಳದ ಗೋಡೆ ಉಳಿಸಿಕೊಂಡು ಮಾಡಬಹುದು ಅಂತ. ಈಗ ಗೋಡೆ ತೆಗೆದು ಎಲ್ಲ ಸೇರಿಸಿ ಒಂದೇ ದೊಡ್ಡ ಗುಂಡಿ ಮಾಡಬೇಕಾಯಿತು. ಆ ಗುಂಡಿಯನ್ನು ಜೀವನಪೂರ್ತಿ ಡಾಕ್ಟರ ಹತ್ತಿರ ಕ್ಲೀನ್ ಮಾಡಿಸುತ್ತಿರಬೇಕು. ಕೆರೆಯಲ್ಲಿ ಈಜುವ ಹಾಗಿಲ್ಲ.

"ಏಪ್ರಿಲ್‌ನಲ್ಲೇ ಆಗಿದ್ರೆ ಸಾರ್?" ಅಂತ ಕೇಳಿದೆ.

ಸರ್ಜನ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮೂಳೆ ಆಗಲೂ ಅಷ್ಟೋ ಇಷ್ಟೋ ಹೋಗಿರಬಹುದು. ಗೋಡೆ ಉಳೀತಿತ್ತೇನೋ. ಆದ್ರೆ ಏಪ್ರಿಲ್‌ನಲ್ಲಿ ನನ್ನ ಹತ್ರ ಕಿಟ್ಟೂ ಇರಲಿಲ್ಲ, ಟೆಸ್ಟೂ ಇರಲಿಲ್ಲ" ಅಂದರು. ಆ ಉತ್ತರ ನನಗೆ ಇಷ್ಟವಾಯಿತು. ಯಾರ ಮೇಲೂ ಹಾಕಲಿಲ್ಲ, ತನ್ನನ್ನೂ ಬಿಟ್ಟುಕೊಳ್ಳಲಿಲ್ಲ.

ಆಪರೇಷನ್ ಆದ ಮೇಲೆ ಹಾಕಿದ ವಾರ್ಡಿನಲ್ಲಿ ಪಕ್ಕದ ಹಾಸಿಗೆಗೆ ಹತ್ತು ವರ್ಷದ ಹುಡುಗ. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವು. ಐದು ದಿನ ಮನೆಯಲ್ಲಿ ಓಮದ ನೀರು ಕುಡಿಸಿದ್ದರಂತೆ, ಆಸ್ಪತ್ರೆಗೆ ಹೋದರೆ ಕೊರೊನಾ ಅಂತ ಹಿಡಿದಿಟ್ಟುಕೊಳ್ಳುತ್ತಾರೆ ಅನ್ನೋ ಭಯಕ್ಕೆ. ಆ ಹುಡುಗನ ತಾಯಿ ಮತ್ತು ನನ್ನ ಹೆಂಡತಿ ಒಬ್ಬರಿಗೊಬ್ಬರು ಬೈದುಕೊಳ್ಳುವುದು ಬಿಟ್ಟು ತಮ್ಮನ್ನು ತಾವೇ ಬೈದುಕೊಳ್ಳುತ್ತ ರಾತ್ರಿ ಕಳೆದರಂತೆ. ಅದೇ ಏಪ್ರಿಲ್‌ನಲ್ಲಿ ಇಟಲಿಯ ಮಕ್ಕಳ ಡಾಕ್ಟರುಗಳು, ಹೆದರಿ ತಡವಾಗಿ ಕರೆತಂದ 12 ಮಕ್ಕಳ ಬಗ್ಗೆ ಬರೆದಿದ್ದರು. ಅವರಲ್ಲಿ 4 ಮಕ್ಕಳು ಉಳಿಯಲಿಲ್ಲ. ಒಡೆದ ಅಪೆಂಡಿಕ್ಸ್ ಜಾಸ್ತಿಯಾಯಿತು ಅಂತ ಆಮೇಲೆ ಎಷ್ಟೋ ದೇಶದವರು ಬರೆದರು. ಕೊರೊನಾ ಮಕ್ಕಳಿಗೆ ಅಷ್ಟೊಂದು ಕಾಟ ಕೊಡಲಿಲ್ಲ ಅಂತ ಹೇಳುತ್ತಾರೆ. ಆ ಎರಡು ಹಾಸಿಗೆ ಯಾವ ಲೆಕ್ಕಕ್ಕೆ ಬರುತ್ತೋ.

ಊರಿಗೆ ಬಂದ ದಿನ ಆಶಾ ಕಾರ್ಯಕರ್ತೆ ಬಂದು ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದರು. 14 ದಿನ. ಡೇರಿಗೆ ಬರಬೇಡ ಅಂದರು, ಸರಿ ಅಂದೆ. ಹೊಲಿಗೆ ಬಿಚ್ಚಲು ಮತ್ತೆ ಮೈಸೂರಿಗೆ ಬರಬೇಡಿ ಅಂತ ಸರ್ಜನ್ನೇ ಹೇಳಿದ್ದರು. ತಾಲ್ಲೂಕು ಆಸ್ಪತ್ರೆಯ ಸಿಸ್ಟರ್ ಹಿತ್ತಲ ಕಡೆಯ ಬಾಗಿಲಲ್ಲಿ ಕೂರಿಸಿಕೊಂಡು ಬಿಚ್ಚಿದರು, ಸರ್ಜನ್ ವೀಡಿಯೋ ಕಾಲ್‌ನಲ್ಲಿ ನೋಡುತ್ತಿದ್ದರು. ಕಿವಿಯೊಳಗಿನ ಬಟ್ಟೆ ತೆಗೆಯಲು ಮಾತ್ರ ಮೂರು ವಾರಕ್ಕೆ ಹೋಗಲೇಬೇಕಾಯಿತು.

ಯಾವ ಡಾಕ್ಟರೂ ಹೇಳದ ಒಂದು ಸಮಸ್ಯೆ ಆಮೇಲೆ ಬಂತು. ಮಾಸ್ಕು. ಅದರ ಎಲಾಸ್ಟಿಕ್ ಕೂರುವುದು ಸರಿಯಾಗಿ ಹೊಲಿಗೆ ಹಾಕಿದ ಜಾಗದ ಮೇಲೇ. ಹಾಕಿದರೆ ಗಾಯ ಉರಿಯುತ್ತೆ, ಹಾಕದಿದ್ದರೆ ದಂಡ. ಎರಡು ದಿನ ಯೋಚಿಸಿ ನಮ್ಮವ್ವ ಹಳೇ ರವಿಕೆ ಬಟ್ಟೆಯಲ್ಲಿ ನಾಲ್ಕು ದಾರದ ಮಾಸ್ಕ್ ಹೊಲಿದಳು, ಎರಡು ನೆತ್ತಿಗೆ, ಎರಡು ಕುತ್ತಿಗೆಗೆ ಕಟ್ಟುವ ಹಾಗೆ. ಬೆಳ್ಳುಳ್ಳಿ ಎಣ್ಣೆಯ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ಮಾಸ್ಕ್ ಮಾತ್ರ ಹನ್ನೆರಡು ಹೊಲಿದಳು.

ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು, ಶಾಲೆ ಮುಚ್ಚಿದ್ದರಿಂದ ಮೇಷ್ಟ್ರೇ ಮಕ್ಕಳಿರುವ ಕಡೆ ಬಂದು ಪಾಠ ಮಾಡುವ ಸರ್ಕಾರದ ಯೋಜನೆ. ಮೇಷ್ಟ್ರು ಮಾರಮ್ಮನ ಗುಡಿ ಜಗಲಿಯ ಮೇಲೆ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡುತ್ತಿದ್ದರು. ಬಯಲು, ಗಾಳಿ, ಮೇಷ್ಟ್ರಿಗೆ ಮಾಸ್ಕು. ಮಗಳಿಗೆ ಒಂದಕ್ಷರ ಕೇಳಿಸಲಿಲ್ಲ. ಮೇಷ್ಟ್ರಿಗೆ ಹೇಳಿದೆ. ಮರುದಿನದಿಂದ ಅವಳನ್ನು ಎಲ್ಲರಿಗಿಂತ ಎಡಕ್ಕೆ ಕೂರಿಸಿದರು, ಬಲಗಿವಿ ಅವರ ಕಡೆ ಬರುವ ಹಾಗೆ. ಮುಖ್ಯವಾದ ಮಾತು ಬಂದಾಗ ಮೂರು ಹೆಜ್ಜೆ ಹಿಂದೆ ಹೋಗಿ ಮಾಸ್ಕ್ ಕೆಳಗಿಳಿಸಿ ಹೇಳುತ್ತಿದ್ದರು. ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು.

ಹೋದ ಮೂಳೆಯ ಜಾಗಕ್ಕೆ ಬೇರೆ ಚೂರು ಕೂರಿಸಿ ಕೇಳಿಸುವ ಹಾಗೆ ಮಾಡುವ ಇನ್ನೊಂದು ಆಪರೇಷನ್ ಇದೆ. 2021ರ ಮೇ ತಿಂಗಳಿಗೆ ಮಾಡೋಣ ಅಂದಿದ್ದರು. ಏಪ್ರಿಲ್ 27ಕ್ಕೆ ಮತ್ತೆ ಕರ್ಫ್ಯೂ. ಮೇ 2ರ ರಾತ್ರಿ ನಮ್ಮ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ಸುದ್ದಿ ಇಡೀ ದೇಶಕ್ಕೆ ಗೊತ್ತು. ನಮ್ಮ ಡೇರಿಗೆ ಹಾಲು ಹಾಕುತ್ತಿದ್ದವರ ಮನೆಯಲ್ಲೂ ಸಾವಾಯಿತು. ಆಗ ಕಿವಿಯ ಮಾತೆತ್ತಲು ನನಗೆ ಬಾಯಿ ಬರಲಿಲ್ಲ. ಆ ಸಲ ಮುಂದೂಡಿದ್ದಕ್ಕೆ ಬೇಜಾರೂ ಆಗಲಿಲ್ಲ.

ನವೆಂಬರ್‌ನಲ್ಲಿ ಕಿವಿ ಕ್ಲೀನ್ ಮಾಡಿಸಲು ಹೋದಾಗ ಸರ್ಜನ್ ನೋಡಿ, ಗುಂಡಿ ಚೆನ್ನಾಗಿ ಮಾಯ್ದಿದೆ ಅಂದರು. "ಮೂಳೆ ಕೂರಿಸೋದು ಬೇಸಿಗೆ ರಜಕ್ಕೆ ಇಟ್ಕೊಳ್ಳೋಣ. ಅರ್ಜೆಂಟ್ ಏನಿಲ್ಲ."

ಚೀಟಿ ತೆಗೆದುಕೊಂಡು ಬಾಗಿಲವರೆಗೆ ಬಂದವನು ವಾಪಸ್ ಹೋದೆ. "ಅರ್ಜೆಂಟ್ ಇಲ್ಲ ಅಂದ್ರೆ ಎಷ್ಟು ದಿನ ತಡೆಯುತ್ತೆ ಸಾರ್? ಯಾವಾಗ ಅರ್ಜೆಂಟ್ ಆಗುತ್ತೆ?"

ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಸರ್ಜನ್ ಪೆನ್ ತೆಗೆದುಕೊಂಡು ಚೀಟಿ ತಿರುಗಿಸಿ ಹಿಂದುಗಡೆ ಬರೆಯಲು ಶುರು ಮಾಡಿದರು. ಮೂಳೆ ಕೂರಿಸುವುದು ಒಂದು ವರ್ಷ ತಡವಾದರೂ ನಷ್ಟವಿಲ್ಲ. ಗುಂಡಿ ಕ್ಲೀನಿಂಗ್ ಆರು ತಿಂಗಳು ದಾಟಬಾರದು. ವಾಸನೆ ಬಂದರೆ ಒಂದು ವಾರದೊಳಗೆ. ಊತ, ವಾಂತಿ, ತಲೆಸುತ್ತು, ಮುಖ ಸೊಟ್ಟ ಆದರೆ ಅವತ್ತೇ. ಕೆಳಗೆ ಫೋನ್ ನಂಬರ್.

ಆ ಚೀಟಿಯನ್ನು ಡೇರಿಯ ಫ್ಯಾಟ್ ರಿಜಿಸ್ಟರಿನ ರಟ್ಟಿನೊಳಗೆ ಅಂಟಿಸಿದ್ದೇನೆ. ದಿನಕ್ಕೆ ಎರಡು ಸಲ ತೆಗೆಯುವ ಪುಸ್ತಕ ಅದು.